ದೊಡ್ಡ ಮಾವನ ಅರ್ಧ ಕಾರು

ನಮ್ಮ ದೊಡ್ಡ ಮಾವನಷ್ಟು ನ್ಯಾಯವಂತ ಮನುಷ್ಯ ಈ ಭೂಮಿಯ ಮೇಲೆ ಹುಟ್ಟಿಲ್ಲ. ದಯವಿಟ್ಟು ಮುಂದೆಯೂ ಹುಟ್ಟದಿರಲಿ! ಇದು ತಂಗಿಯ ಮಗಳೊಬ್ಬಳು ಸಿಟ್ಟಿನಲ್ಲಿ ಆಡಿದ ಮಾತು ಅಂದುಕೊಳ್ಳಬೇಡಿ. ಅವನ ನ್ಯಾಯದ ಬೆನ್ನಹಿಂದೆಯೇ ಕೂತು ಅನುಭವಿಸಿದವಳು ನಾನು. ಬೆನ್ನಹಿಂದೆ ಅಂದರೆ ನಿಜವಾಗಿಯೂ ಬೆನ್ನಹಿಂದೆ: ಎರಡೇ ಸೀಟಿನ ಕಾರು, ಆ ಸೀಟುಗಳ ಹಿಂದೆ ಒಂದು ಗಂಟು ಇಡುವಷ್ಟು ತಾವು, ಆ ತಾವಿನಲ್ಲಿ ಗಂಟಾಗಿ ನಾನು! ಹಾಗೆ ಮುದುಡಿಕೊಂಡೇ ಇಂಡಿಯಿಂದ ಮುದ್ದೇಬಿಹಾಳದವರೆಗೆ ಓಟದ ಸ್ಪರ್ಧೆಗೆ ಹೋಗಿ ಬಂದಿದ್ದೇನೆ. ಆ ದಿನ ಮಟಮಟ ಮಧ್ಯಾಹ್ನ ಒಂದು ಹಳ್ಳದ ತಗ್ಗಿನಲ್ಲಿ ಕಂಡದ್ದನ್ನು ನೆನೆದರೆ ಈಗಲೂ ತೋಳಿನ ಕೂದಲು ನಿಮಿರುತ್ತವೆ. ನಗು ಬರುವುದು ಆಮೇಲೆ.

ಕಾರಿನ ಕಥೆ ಮೊದಲು ಹೇಳಿಬಿಡುತ್ತೇನೆ. ನನ್ನ ತಾಯಿಯ ತಂದೆ, ಅಂದರೆ ನಮ್ಮಜ್ಜ, ಸೊಲ್ಲಾಪುರದಲ್ಲಿ ಮಿಲ್ಲು ನೋಡಿಕೊಳ್ಳುತ್ತಿದ್ದ ಒಬ್ಬ ಸಾಹೇಬ ತನ್ನ ದೇಶಕ್ಕೆ ಮರಳುವಾಗ ಬಿಟ್ಟುಹೋದ ಓಟದ ಕಾರನ್ನು ಮನೆಗೆ ತಂದಿದ್ದ. ಮೇಲೆ ಚಾವಣಿ ಇಲ್ಲ, ಸೈಕಲ್ಲಿನಂತೆ ಕಡ್ಡಿಕಡ್ಡಿ ಚಕ್ರ, ಉದ್ದನೆಯ ಮೂತಿ, ಆ ಮೂತಿಗೆ ಬಿಗಿದ ಚರ್ಮದ ಪಟ್ಟಿ. ಇಂಡಿಯ ಜನ ಅದನ್ನು ನೋಡಿ, "ಮ್ಯಾಲಿಂದು ಯಾವಾಗ ಬರ್ತೈತ್ರಿ?" ಎಂದು ಕೇಳಿದ್ದರಂತೆ. ಅಜ್ಜನಿಗೆ ಇಬ್ಬರು ಗಂಡುಮಕ್ಕಳು. ನಮಗೆ ಅವರು ದೊಡ್ಡ ಮಾವ, ಸಣ್ಣ ಮಾವ. ಹರೆಯದಲ್ಲಿ ಇಬ್ಬರೂ ಆ ಕಾರಿನಲ್ಲೇ ಹಾರಾಡಿದವರು. ಅಣ್ಣ ಬಲಗಡೆ ಸ್ಟೀರಿಂಗ್ ಹಿಡಿದರೆ ತಮ್ಮ ಎಡಗಡೆ ಕೂತು ಗೇರು ಹಾಕುತ್ತಿದ್ದ. ಒಬ್ಬರ ಮುಖ ಒಬ್ಬರು ನೋಡದೆಯೇ ಕೆಲಸ ನಡೆಯುತ್ತಿತ್ತು ಎಂದು ನಮ್ಮವ್ವ ಹೇಳುತ್ತಿದ್ದಳು.

ಅಜ್ಜ ಹೋದ ಮೇಲೆ ಹಿಸ್ಸೆಯಾಯಿತು. ಹೊಲ ಹಂಚಿದರು, ನಿಂಬೆ ಗಿಡ ಎಣಿಸಿ ಹಂಚಿದರು, ಎತ್ತು, ಎಮ್ಮೆ, ಹಂಡೆ, ತಪೇಲಿ ಎಲ್ಲವೂ ಸಮಾಧಾನದಿಂದಲೇ ಹಂಚಿಹೋದವು. ಕಾರಿನ ಹತ್ತಿರ ಬಂದಾಗ ಮಾತ್ರ ಇಬ್ಬರೂ ಕಲ್ಲಾದರು. ನನಗೆ ಬೇಡ ಎಂದು ಒಬ್ಬನೂ ಅನ್ನಲಿಲ್ಲ. ಪಂಚರು ಮುಂಜಾನೆಯಿಂದ ಸಂಜೆಯತನಕ ತಲೆ ಕೆರೆದುಕೊಂಡು, ಕೊನೆಗೆ ಸುಣ್ಣ ತರಿಸಿ, ಕಾರಿನ ಮೂತಿಯಿಂದ ಬಾಲದವರೆಗೆ ನಟ್ಟನಡುವೆ ಒಂದು ಗೆರೆ ಎಳೆದುಬಿಟ್ಟರು! ಬಲಗಡೆಯದು ಅಣ್ಣನಿಗೆ, ಎಡಗಡೆಯದು ತಮ್ಮನಿಗೆ. ಗೇರಿನ ಹಿಡಿಕೆ ಸರಿಯಾಗಿ ಗೆರೆಯ ಮೇಲೆಯೇ ಬಂತು. ಪಂಚರೇನು ಸಾಮಾನ್ಯರೇ? ಯಾವ ಗೇರು ಯಾವ ಕಡೆ ಬೀಳುತ್ತದೆ ಎಂದು ವಿಚಾರಿಸಿ ಅದನ್ನೂ ಹಂಚಿದರು. ಒಂದು, ಎರಡು ಮತ್ತು ಹಿಂದಕ್ಕೆ ಹೋಗುವ ಗೇರು ಎಡಕ್ಕಿದ್ದುದರಿಂದ ಸಣ್ಣ ಮಾವನಿಗೆ. ಮೂರು ಮತ್ತು ನಾಲ್ಕು ಬಲಕ್ಕಿದ್ದುದರಿಂದ ದೊಡ್ಡ ಮಾವನಿಗೆ. ಅಂದರೆ ಅಣ್ಣನಿಗೆ ಗಾಡಿ ಹೊರಡಿಸುವ ಹಕ್ಕಿಲ್ಲ, ಹಿಂದೆ ಸರಿಯುವ ಹಕ್ಕೂ ಇಲ್ಲ. ಓಡಿಸುವ ಹಕ್ಕು ಮಾತ್ರ ಉಂಟು. ಪಂಚರು ಚಹಾ ಕುಡಿದು ಎದ್ದುಹೋದರು.

ಅವರ ಬೆನ್ನು ಮರೆಯಾಗುವುದೇ ತಡ, ಅಣ್ಣತಮ್ಮರಲ್ಲಿ ಮಾತಿಗೆ ಮಾತು ಬೆಳೆಯಿತು. "ನಿನ್ನ ಮನಿ ಹೊಸ್ತಿಲಾ ಇನ್ನ ತುಳಿಯಂಗಿಲ್ಲ" ಎಂದ ತಮ್ಮ. "ನಿನ್ನ ಮಾರಿ ನಾ ನೋಡಂಗಿಲ್ಲ" ಎಂದ ಅಣ್ಣ. ಸಣ್ಣ ಮಾವ ಹೆಂಡತಿಯ ಊರಾದ ಮುದ್ದೇಬಿಹಾಳಕ್ಕೆ ಹೋಗಿ ನೆಲೆಸಿದ. ಕಾರು ಇಂಡಿಯಲ್ಲೇ, ಮನೆಯ ಮಗ್ಗುಲಿನ ತಗಡಿನ ಶೆಡ್ಡಿನಲ್ಲಿ ಉಳಿಯಿತು. ಅಂದಿನಿಂದ ದೊಡ್ಡ ಮಾವ ಮುದ್ದೇಬಿಹಾಳದ ದಿಕ್ಕಿಗೆ ತಲೆ ಹಾಕಿ ಮಲಗುತ್ತಿರಲಿಲ್ಲ. ಪಾಪ, ಅತ್ತೆ ಮಂಚ ತಿರುಗಿಸಿ ತಿರುಗಿಸಿ ಸಾಕಾದಳು!

ತೊಂಬತ್ತರ ದಶಕದ ನಡುವೆ ಇಂಡಿಯ ಹೈಸ್ಕೂಲಿನಲ್ಲಿ ನನಗೆ ಕೆಲಸ ಸಿಕ್ಕಿತು. ಮಾವನ ಮನೆಯಲ್ಲೇ ಉಳಿದೆ. ಮೊದಲ ದಿನ ಶೆಡ್ಡಿಗೆ ಹೋದವಳು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದೆ. ಬಲಗಡೆಯಿಂದ ನೋಡಿದರೆ ಕೆಂಪಗೆ ಹೊಳೆಯುವ ಹೊಸ ಕಾರು. ಮೂತಿಯನ್ನು ಸುತ್ತಿ ಎಡಕ್ಕೆ ಬಂದರೆ ಹೆಣ! ತುಕ್ಕು, ಜೇಡರ ಬಲೆ, ನೆಲಕ್ಕೆ ಕೂತ ಚಕ್ರ, ಒಡೆದ ದೀಪದ ಕುರುಡು ಗುಂಡಿ. ನಡುವೆ ಸುಣ್ಣದ ಗೆರೆ. ಮಾವ ದಿನಾಲೂ ತನ್ನ ಅರ್ಧವನ್ನು ಒರೆಸುತ್ತಿದ್ದ. ಬಟ್ಟೆ ಗೆರೆಯವರೆಗೆ ಹೋಗಿ, ಅಲ್ಲಿ ನಿಂತು, ತಿರುಗಿ ಬರುತ್ತಿತ್ತು.

"ಮಾವಾ, ಆ ಕಡೆನೂ ಒಂದಿಷ್ಟ ಒರಸಬಾರದೇನು?" ಎಂದೆ.

"ಮಂದಿ ಆಸ್ತಿಗೆ ಕೈ ಹಚ್ಚಬಾರದವಾ" ಎಂದ. ಹೇಳಿ, ಬಲ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಉಜ್ಜತೊಡಗಿದ.

ಅದೇ ವರ್ಷ ಚಳಿಗಾಲದಲ್ಲಿ ಮಾವನಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನು ಹೆಂಡತಿಯನ್ನು ಕೇಳಲಿಲ್ಲ, ನೀರು ಕೇಳಲಿಲ್ಲ. "ಅಂವ ಬಂದಿದ್ನೇನು?" ಎಂದ. ಅಂವ ಬಂದಿರಲಿಲ್ಲ. ಮಾವ ಗೋಡೆಯ ಕಡೆ ತಿರುಗಿ ಮಲಗಿದ.

ಮನೆಗೆ ಬಂದು ಚೇತರಿಸಿಕೊಳ್ಳುವ ಹೊತ್ತಿಗೆ ಸುದ್ದಿಯೊಂದು ಬಂತು. ವಿಜಾಪುರದ ಕಡೆಯ ಕೆಲವು ಹವ್ಯಾಸಿಗಳು ಹಳೇ ಗಾಡಿಗಳ ಓಟ ಇಟ್ಟಿದ್ದಾರೆ; ಇಂಡಿಯಿಂದ ಹೊರಟು ಸಿಂದಗಿ, ಬಸವನ ಬಾಗೇವಾಡಿ ದಾಟಿ ಮುದ್ದೇಬಿಹಾಳ ಮುಟ್ಟಬೇಕು. ಮಾವ ಮರುದಿನವೇ ಹೆಸರು ಕೊಟ್ಟು ಬಂದ! ಮುದ್ದೇಬಿಹಾಳಕ್ಕೆ? ಆ ದಿಕ್ಕಿಗೆ ತಲೆ ಹಾಕಿಯೂ ಮಲಗದ ಮನುಷ್ಯ? ಅತ್ತೆ ರೊಟ್ಟಿ ಬಡಿಯುತ್ತ ಮೆಲ್ಲಗೆ ಹೇಳಿದಳು: "ಓಟ ಅಲ್ಲವಾ ಅದು. ಕಣ್ಣ ಮುಚ್ಚೂದರಾಗ ತಮ್ಮನ ಊರಿಗೆ ಒಮ್ಮೆ ಹೋಗಾಕ ಒಂದ ನೆವ. ಅಂವಗ ಹಂಗ ಹೇಳಿ ಗೀಳೀ ಮತ್ತ!"

ತಯಾರಿ ಶುರುವಾಯಿತು. ಮೆಕ್ಯಾನಿಕ್ ದಸ್ತಗೀರಸಾಬ ಬಂದ. ಬಾಯಿ ಬಡಾಯಿ ಬಹಳ, ಧೈರ್ಯ ಮಾತ್ರ ಕಡಿಮೆ. ಅವನಿಗೆ ಮಾವನ ಅಪ್ಪಣೆ ಏನೆಂದರೆ ಗೆರೆ ದಾಟಬಾರದು. ಇಂಜಿನ್ನಿನ ಬಲಗಡೆ ಬಿಚ್ಚಿದ, ಬಲಗಡೆ ತೊಳೆದ, ಬಲಗಡೆ ಎಣ್ಣೆ ಹಚ್ಚಿದ. ಕೊನೆಗೆ ಕೈ ಒರೆಸಿಕೊಂಡು, "ಸಾವ್ಕಾರ್ರ, ಎಡಕಿನ ಗಾಲಿ ಕುಂತೈತಿ. ಅರ್ಧಾ ಗಾಡಿ ಓಟಕ್ಕ ಹ್ಯಾಂಗ ಹೋಗ್ತೈತ್ರಿ?" ಎಂದ.

"ಅದು ಅವನ ಗಾಲಿ. ಅವನ ನೋಡ್ಕೋತಾನ" ಎಂದ ಮಾವ.

ಮುಂದಿನ ಅಮಾವಾಸ್ಯೆಯ ಸಂಜೆ ನೋಡಿದರೆ ಎಡಗಡೆಯ ಎರಡೂ ಚಕ್ರ ಗಾಳಿ ತುಂಬಿಕೊಂಡು ನಿಂತಿದ್ದವು!

ಮನೆಯಲ್ಲಿ ಯಾರೂ ಮುಟ್ಟಿಲ್ಲ. ದಸ್ತಗೀರ ಹಾಗೂ ಮುಟ್ಟಿಲ್ಲ, ಹೀಗೂ ಮುಟ್ಟಿಲ್ಲ, ಯಾವ ಪೀರರ ಆಣೆ ಬೇಕಾದರೂ ಇಡುತ್ತೇನೆ ಎಂದ. ಅದರ ಮುಂದಿನ ಅಮಾವಾಸ್ಯೆಗೆ ಎಡ ದೀಪದ ಗುಂಡಿಯಲ್ಲಿ ಗಾಜು ಬಂದು ಕೂತಿತು. ಮತ್ತೊಂದಕ್ಕೆ ಎಡ ಚಕ್ರಗಳ ಅಚ್ಚಿಗೆ ಎಣ್ಣೆ ಬಿತ್ತು. ಇದು ದೆವ್ವದ್ದೇ ಕೆಲಸ ಎಂದು ಓಣಿಯೆಲ್ಲ ಮಾತಾಡಿತು. ಆ ದೆವ್ವಕ್ಕೆ ಬಣ್ಣದ ಹುಚ್ಚಿರಲಿಲ್ಲ, ತುಕ್ಕು ಹಾಗೇ ಇತ್ತು. ಗಾಳಿ, ಎಣ್ಣೆ, ಬೋಲ್ಟು ಇಷ್ಟೇ ಅದರ ಕಾಳಜಿ. ಒಮ್ಮೆ ಎಡ ಬಾಗಿಲ ಮೇಲೆ ಬಿಳಿಯ ಬೆರಳಿನ ಗುರುತು ಕಂಡಿತು. ದಸ್ತಗೀರ ಮೂಸಿ ನೋಡಿ ಹಿಂದಕ್ಕೆ ಹಾರಿದ. "ಸುಣ್ಣಾರೀ! ಮಟಮಟ ಮಧ್ಯಾನ್ಹ ಬಂದು ಸುಣ್ಣಾ ಬೇಡೂ ದೆವ್ವಾ ಇದು! ನಮ್ಮಜ್ಜಿ ಹೇಳತಿದ್ಲು!" ಎಂದವನು ಮರುದಿನ ಬರುವಾಗ ಒಂದು ಚೀಲ ನಿಂಬೆಹಣ್ಣು ಹೊತ್ತುಕೊಂಡೇ ಬಂದ. ಇಂಡಿಯಲ್ಲಿ ನಿಂಬೆಹಣ್ಣಿಗೇನು ಬರ? ಕಾರಿನ ಮೂತಿಗೆ, ಕನ್ನಡಿಗೆ, ಚಕ್ರಕ್ಕೆ, ತನ್ನ ರಟ್ಟೆಗೆ, ಎಲ್ಲಕ್ಕೂ ಕಟ್ಟಿದ. ಕಟ್ಟಿದ್ದೆಲ್ಲ ಬಲಗಡೆಗೇ.

ಮಾವ ಮಾತ್ರ ನಿಶ್ಚಿಂತ. ಅಮಾವಾಸ್ಯೆ ದಿನ ಊಟ ಮುಗಿಸಿ ಪಡಸಾಲೆಯಲ್ಲಿ ಮಲಗಿದನೆಂದರೆ ಅವನ ಗೊರಕೆಗೆ ತಗಡು ನಡುಗುತ್ತಿತ್ತು. ಒಂದು ಅಮಾವಾಸ್ಯೆ ನನಗೆ ಶಾಲೆ ಬೇಗ ಬಿಟ್ಟಿತು. ನಡುಮಧ್ಯಾಹ್ನ ಮನೆಗೆ ಬಂದೆ. ಬಿಸಿಲಿಗೆ ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಅಂಗಳಕ್ಕೆ ಕಾಲಿಟ್ಟೆ; ಶೆಡ್ಡಿನ ಸಂದಿಯಲ್ಲಿ ಏನೋ ಹಳದಿ ಕಂಡಿತು. ಇಣುಕಿದೆ. ಕಾರಿನ ಎಡಗಡೆಯ ದೀಪ ಉರಿಯುತ್ತಿತ್ತು. ಬಲಗಡೆಯದು ಇಲ್ಲ, ಎಡಗಡೆಯದೊಂದೇ, ಹಾಡುಹಗಲಿನಲ್ಲಿ! ನೋಡನೋಡುತ್ತಿದ್ದಂತೆ ಆ ಕಡೆಯ ಬಾಗಿಲು ಕಿರ್ರೆಂದು ತೆರೆದು, ಮೆಲ್ಲಗೆ ಮುಚ್ಚಿಕೊಂಡಿತು. ಅದೇ ಹೊತ್ತಿಗೆ ಪಡಸಾಲೆಯಲ್ಲಿ ಮಾವನ ಗೊರಕೆ ನಿಂತಿತು. ಇಡೀ ಮನೆ ಉಸಿರು ಹಿಡಿದಂತಾಯಿತು. ಒಂದು ಗಳಿಗೆಯ ಮೇಲೆ ಗೊರಕೆ ಮತ್ತೆ ಹೊರಟಿತು, ಮೊದಲಿಗಿಂತ ಜೋರಾಗಿ. ನಾನು ಚಪ್ಪಲಿ ಅಲ್ಲೇ ಬಿಟ್ಟು ಹೊರಗೆ ಓಡಿದೆ!

ಓಟಕ್ಕೆ ಮೊದಲು ಸಿಂದಗಿಯವರೆಗೆ ಒಂದು ಪರೀಕ್ಷೆ ಆಯಿತು. ಒಂದನೇ ಗೇರು ತಮ್ಮನದಲ್ಲವೇ? ಹಾಗಾಗಿ ಓಣಿಯವರೆಲ್ಲ ಸೇರಿ ದಬ್ಬಿದರು; ಗಾಡಿ ಓಟ ಹಿಡಿದ ಮೇಲೆ ಮಾವ ನೇರ ಮೂರಕ್ಕೆ ಹಾಕಿದ. ಸಿಂದಗಿಯ ಪೇಟೆಯಲ್ಲಿ ಬಲಗಡೆ ಕೂತ ವ್ಯಾಪಾರಿಗಳೆಲ್ಲ ಎದ್ದು ನಿಂತು, ಹೊಸ ಕಾರು ಹೋಯಿತೆಂದು ಕೈ ಬೀಸಿದರು. ಎಡಗಡೆಯವರು ಸುಮ್ಮನೆ ತಲೆಯ ಮೇಲಿನ ಟೋಪಿ ತೆಗೆದರು. ಸಂಜೆ ಅದೇ ದಾರಿಯಲ್ಲಿ ಮರಳಿದೆವಲ್ಲ, ಆಗ ಬದಿ ಬದಲಾಗಿತ್ತು. ಮುಂಜಾನೆ ಕೈ ಬೀಸಿದ್ದ ಹಣ್ಣಿನ ಅಂಗಡಿಯ ಮುದುಕನ ಮುಂದೆ ಈಗ ತುಕ್ಕಿನ ಮಗ್ಗುಲು ಹಾಯಿತು. "ಯಾ ಅಲ್ಲಾ! ಮುಂಜಾನೆ ಚಲೋ ಇತ್ತಲ್ರಿ!" ಎಂದು ಎದೆ ಹಿಡಿದುಕೊಂಡ. ಆಮೇಲೆ ಸಿಂದಗಿಯಲ್ಲಿ ನಮ್ಮ ಕಾರಿನ ಬಗ್ಗೆ ಏನೇನು ಕಥೆ ಹುಟ್ಟಿದವೋ ದೇವರೇ ಬಲ್ಲ.

ಓಟದ ದಿನ ಬಂತು. ಜೀಪುಗಳು, ಕರೀ ದೊಡ್ಡ ಕಾರುಗಳು, ಡಬಡಬ ಸದ್ದಿನ ಮೋಟಾರ್ ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ವಿಜಾಪುರದಿಂದ ಬಂದ ತರುಣನೊಬ್ಬ ನಮ್ಮ ಸುಣ್ಣದ ಗೆರೆ ನೋಡಿ, "ಓಟದ ಗಾಡಿಗೆ ಪಟ್ಟಾ ಬಾಳ ಚಂದ ಹೊಡಿಸೀರಿ" ಎಂದು ಮೆಚ್ಚಿದ. ಎಡ ಸೀಟು ಖಾಲಿ ಇತ್ತು. ನಾನು ಬಾಗಿಲಿಗೆ ಕೈ ಹಾಕಿದೆ.

"ಅಲ್ಲಿ ಬ್ಯಾಡ. ಹಿಂದ ಕುಂದರು" ಎಂದ ಮಾವ.

"ಯಾರೂ ಇಲ್ಲಲ್ಲ ಮಾವಾ!"

"ಇಲ್ಲಂತ ನಿನಗ ಯಾರು ಹೇಳಿದ್ರು?"

ಬಾಗಿಲಿನಿಂದ ಥಟ್ಟನೆ ಕೈ ತೆಗೆದೆ. ಸೀರೆ ಸುತ್ತಿಕೊಂಡು, ಗಂಟಿನ ತಾವಿನಲ್ಲಿ ಗಂಟಾದೆ. ಬಾವುಟ ಬೀಸಿದರು. ಎಲ್ಲ ಗಾಡಿಗಳೂ ಧೂಳೆಬ್ಬಿಸಿ ಹೋದವು. ನಾವು ದಬ್ಬುವವರಿಗಾಗಿ ಕಾಯುತ್ತ ಕೂತೆವು! ನನ್ನ ಶಾಲೆಯ ಮಾಸ್ತರರೇ ಬಂದು, "ಅಕ್ಕೋರ, ಗಟ್ಟಿ ಹಿಡ್ಕೋರಿ" ಎಂದು ನಗುತ್ತ ದಬ್ಬಿದರು. ಮರುದಿನ ಅವರಿಗೆ ಮುಖ ತೋರಿಸುವುದು ಹೇಗೆ ಎಂಬ ಚಿಂತೆಯಲ್ಲಿ ಸಿಂದಗಿ ಬಂದದ್ದೂ ಗೊತ್ತಾಗಲಿಲ್ಲ.

ಆದರೆ ಗಾಡಿ ಒಮ್ಮೆ ನಾಲ್ಕನೇ ಗೇರಿಗೆ ಬಿದ್ದ ಮೇಲೆ, ಅಬ್ಬಾ! ಅದರ ಓಟವೇ ಬೇರೆ. ಬಾಗೇವಾಡಿ ಮುಟ್ಟುವ ಹೊತ್ತಿಗೆ ಎರಡು ಜೀಪು, ಒಂದು ಕರೀ ಕಾರು ಹಿಂದೆ ಬಿದ್ದಿದ್ದವು. ಮಾವ ಹರೆಯದವನಂತೆ ಸಿಳ್ಳೆ ಹಾಕುತ್ತಿದ್ದ. ನಡುನಡುವೆ ಖಾಲಿ ಸೀಟಿನ ಕಡೆ ತಲೆ ತಿರುಗಿಸದೆಯೇ, "ನೋಡಿದ್ಯಾ?" ಎನ್ನುತ್ತಿದ್ದ. ನನ್ನನ್ನಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಬಾಗೇವಾಡಿ ದಾಟಿ ಬಹಳ ದೂರ ಹೋದ ಮೇಲೆ ರಸ್ತೆ ಒಂದು ಹಳ್ಳಕ್ಕೆ ಇಳಿಯುತ್ತಿತ್ತು. ಇಳಿದು, ಕಲ್ಲಿನ ಹಾಸು ದಾಟಿ, ಎದುರಿನ ದಂಡೆಯನ್ನು ನೆಟ್ಟಗೆ ಏರಬೇಕು. ತಗ್ಗಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಮಾವ ಬ್ರೇಕ್ ಒತ್ತಿದ. ಎಮ್ಮೆ ತನ್ನ ದಾರಿ ಹಿಡಿಯಿತು. ಗಾಡಿ ಮಾತ್ರ ನಿಂತುಬಿಟ್ಟಿತು. ಮೂರನೇ ಗೇರಿನಲ್ಲಿ ಎಬ್ಬಿಸಲು ನೋಡಿದ. ಗಕ್ಕೆಂದು ಕೆಮ್ಮಿ ಸತ್ತಿತು. ಮತ್ತೆ ನೋಡಿದ, ಮತ್ತೆ ಸತ್ತಿತು. ಹಿಂದೆ ಬಿದ್ದಿದ್ದ ಗಾಡಿಗಳು ಒಂದೊಂದಾಗಿ ನಮ್ಮನ್ನು ಬಳಸಿಕೊಂಡು ಏರಿಹೋದವು. ಅವುಗಳ ಸದ್ದು ಕರಗಿದ ಮೇಲೆ ಉಳಿದದ್ದು ನಡುಮಧ್ಯಾಹ್ನ. ಗಾಳಿ ಇಲ್ಲ, ಹಕ್ಕಿ ಇಲ್ಲ. ಎಡಗಡೆ ಎತ್ತರಕ್ಕೆ ಬೆಳೆದ ಸೂರ್ಯಕಾಂತಿಯ ಹೊಲ. ಒಂದೊಂದು ಹೂವೂ ನಮಗೆ ಬೆನ್ನು ಹಾಕಿ ನಿಂತಿತ್ತು.

"ಮಾವಾ, ಒಂದನೇ ಗೇರ್ ಹಾಕಿಬಿಡು. ಇಲ್ಲಿ ಯಾರು ನೋಡತಾರ?"

"ನಾ ನೋಡತೇನಲ್ಲ."

"ನಾ ಹಾಕ್ಲೇನು ಹಂಗಾರ?"

"ನೀ ಯಾವ ಹಿಸ್ಸೇದಾರಳ? ನಿಮ್ಮವ್ವ ಸೀರಿ ಕುಬಸಾ ತಗೊಂಡು ಹಿಸ್ಸಾ ಬ್ಯಾಡಂತ ಸಹಿ ಮಾಡಿ ಕೊಟ್ಟಾಳ!"

ಈ ನ್ಯಾಯಕ್ಕೆ ಏನೆನ್ನುತ್ತೀರಿ? ಅಳಬೇಕೋ ನಗಬೇಕೋ ತಿಳಿಯದೆ ಅವನ ಬೆನ್ನನ್ನೇ ನೋಡಿದೆ. ಅಂಗಿ ಬೆವರಿಗೆ ಅಂಟಿತ್ತು. ಎದೆಯ ಮೇಲೆ ಕೈ ಇಟ್ಟುಕೊಂಡಿದ್ದ. "ಇಷ್ಟ ದೂರ ಬಂದು ಸಾಯಬಾರದಾಗಿತ್ತು" ಎಂದು ತನ್ನಷ್ಟಕ್ಕೆ ತಾನೇ ಅಂದುಕೊಂಡ. ಗಾಡಿಯ ಬಗ್ಗೆ ಹೇಳಿದನೋ ತನ್ನ ಬಗ್ಗೆಯೋ ಗೊತ್ತಾಗಲಿಲ್ಲ.

ಆಗ ಸೂರ್ಯಕಾಂತಿಯ ದಂಟುಗಳು ಅಲುಗಿದವು. ಗಾಳಿಯಂತೂ ಇರಲೇ ಇಲ್ಲ. ಎಡ ಬಾಗಿಲು ಕಿರ್ರೆಂದಿತು. ಆ ಸೀಟಿನ ಸ್ಪ್ರಿಂಗು ಕುಗ್ಗಿ, ಕಾರು ಎಡಕ್ಕೆ ಒಂದಿಷ್ಟು ವಾಲಿತು. ತಂಬಾಕು ಮತ್ತು ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ನಾನು ಕಣ್ಣು ಮುಚ್ಚಿದೆ. ಗಾಡಿಯಿಂದ ಬಿಚ್ಚಿ ಇಂಡಿಯಲ್ಲಿ ಬಿಟ್ಟುಬಂದ ನಿಂಬೆಹಣ್ಣುಗಳನ್ನೆಲ್ಲ ನೆನೆದೆ! ಕಣ್ಣು ತೆರೆದಾಗ ಗೇರಿನ ಹಿಡಿಕೆಯ ಮೇಲೆ ಒಂದು ಕೈ ಇತ್ತು. ತೋರುಬೆರಳ ತುದಿ ಬೆಳ್ಳಗಿತ್ತು. ಮಾವ ಎಡಕ್ಕೆ ತಿರುಗಿ ನೋಡಲಿಲ್ಲ. ಇಂಜಿನ್ ಎಬ್ಬಿಸಿ ಕ್ಲಚ್ ಒತ್ತಿದ. ಆ ಕೈ ಹಿಡಿಕೆಯನ್ನು ಎಡಕ್ಕೆಳೆದು ಮುಂದೆ ನೂಕಿತು. ಒಂದನೇ ಗೇರು! ಕಾರು ನಡುಗಿ, ನೆಲ ಕಚ್ಚಿ, ದಂಡೆ ಏರತೊಡಗಿತು. ಅರ್ಧಕ್ಕೆ ಬಂದಾಗ ಕೈ ಎರಡಕ್ಕೆ ಎಳೆಯಿತು. ಮೇಲೆ ಬಂದೊಡನೆ ಆ ಕೈ ಎದ್ದಿತು, ಮಾವನ ಕೈ ಬಂದು ಕೂತಿತು, ಮೂರು ಬಿತ್ತು. ಒಂದು ಮಾತಿಲ್ಲ, ಒಂದು ನೋಟವಿಲ್ಲ.

ಬಹಳ ಹೊತ್ತಿನ ಮೇಲೆ ದೆವ್ವ ಮಾತಾಡಿತು.

"ಒಂದನೇ ಗೇರ್ ಇಲ್ಲದ ಆ ಹಳ್ಳಾ ಏರಂಗಿಲ್ಲ ಅಂತ ನನಗ ಗೊತ್ತಿತ್ತು. ನೀ ಹಾಕಂಗಿಲ್ಲ ಅನ್ನೂದೂ ಗೊತ್ತಿತ್ತು. ಮುಂಜಾನಿಂದ ಅಲ್ಲೇ ಕುಂತಿದ್ನಿ."

"ಅಮಾಸಿಗೊಮ್ಮೆ ಬಸ್ಸಿಗೆ ಬರತಿದ್ಯಲ್ಲ," ಎಂದ ಮಾವ, ರಸ್ತೆ ನೋಡುತ್ತಲೇ, "ಒಮ್ಮೆರ ಕರೀಬಾರದಾಗಿತ್ತೇನು?"

"ಹೊಸ್ತಿಲಾ ತುಳಿಯಂಗಿಲ್ಲ ಅಂದಿದ್ನಿ. ಶೆಡ್ಡಿಗೆ ಹೊಸ್ತಿಲಾ ಇಲ್ಲಲ್ಲ. ನೀ ಮಲಗಿರ್ತಿದ್ದಿ, ಎಬ್ಬಸಲಿಲ್ಲ."

"ಅಷ್ಟ ಜೋರ ಗೊರಕಿ ಹೊಡ್ಯಾಂವ ನಿದ್ದಿ ಮಾಡಿರ್ತಾನೇನೋ ಹುಚ್ಚಾ?"

ಸಣ್ಣ ಮಾವ ಅಂಗೈಯಲ್ಲಿ ತಂಬಾಕು ತಿಕ್ಕತೊಡಗಿದ. ಅಷ್ಟರಲ್ಲಿ ನಾನೊಂದು ಕಂಡೆ. ಮಾವ ತನ್ನ ಬಲಗಡೆಯ ಕನ್ನಡಿಯನ್ನು ಬೆರಳ ತುದಿಯಿಂದ ಇಷ್ಟಿಷ್ಟೇ ತಿರುಗಿಸುತ್ತಿದ್ದ. ರಸ್ತೆ ಹೋಯಿತು, ಹೊಲ ಹೋಯಿತು, ನನ್ನ ಮುಖ ಹೋಯಿತು. ಕೊನೆಗೆ ಕನ್ನಡಿಯಲ್ಲಿ ಸಣ್ಣ ಮಾವ ಬಂದು ನಿಂತ. ನರೆತ ಮೀಸೆ, ಬತ್ತಿದ ಕೆನ್ನೆ.

"ಮಾರಿ ನೋಡಂಗಿಲ್ಲ ಅಂದಿದ್ಯಲ್ಲೋ ಅಣ್ಣಾ?"

"ಕನ್ನಡ್ಯಾಗ ನೋಡಂಗಿಲ್ಲ ಅಂದಿದ್ನೇನು?" ಎಂದ ಮಾವ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಮುದ್ದೇಬಿಹಾಳಕ್ಕೆ ನಾವು ಎಲ್ಲರಿಗಿಂತ ಕೊನೆಯವರಾಗಿ ಮುಟ್ಟಿದೆವು. ಬಾವುಟದವರು ಮನೆಗೆ ಹೋಗಿಬಿಟ್ಟಿದ್ದರು.

ಆಮೇಲೆ ಕೆಲವು ವರ್ಷ ಇಂಡಿಗೂ ಮುದ್ದೇಬಿಹಾಳಕ್ಕೂ ಕಾರು ಓಡಾಡಿದ್ದೇ ಓಡಾಡಿದ್ದು. ನಾನು ಕಾರು ಕಲಿತದ್ದೂ ಆಗಲೇ, ಇಬ್ಬರು ಗುರುಗಳ ಹತ್ತಿರ: ಒಂದು, ಎರಡು ಸಣ್ಣ ಮಾವ ಕಲಿಸಿದ, ಮೂರು, ನಾಲ್ಕು ದೊಡ್ಡ ಮಾವ. ಹೊಸ ಶತಮಾನ ಹುಟ್ಟಿದ ಸ್ವಲ್ಪ ದಿನಕ್ಕೆ ದೊಡ್ಡ ಮಾವ ನಿದ್ದೆಯಲ್ಲೇ ತೀರಿಕೊಂಡ. ಅವತ್ತು ಮಧ್ಯಾಹ್ನ ಗೊರಕೆ ಕೇಳಲಿಲ್ಲ ಎಂದೇ ಅತ್ತೆ ಎದ್ದು ನೋಡಿದ್ದು.

ದಿನಕರ್ಮಗಳು ಮುಗಿದ ಮೇಲೆ ಒಂದು ದಿನ ಸಣ್ಣ ಮಾವ ಶೆಡ್ಡಿಗೆ ಬಂದು ತನ್ನ ಎಡ ಸೀಟಿನಲ್ಲಿ ಕೂತ. "ನಡಿ, ಹೊರ್ತಿ ಊರ ತನಕಾ ಹೋಗಿ ಬರೂಣು" ಎಂದ. ನಾನು ಸ್ಟೀರಿಂಗ್ ಹಿಡಿದೆ. ಒಂದಕ್ಕೆ ಅವನೇ ಹಾಕಿದ, ಎರಡಕ್ಕೂ ಹಾಕಿದ. ಊರು ದಾಟಿತು, ರಸ್ತೆ ತೆರೆಯಿತು, ಇಂಜಿನ್ ಹೂಂಕರಿಸತೊಡಗಿತು. ಹಾಲಿನ ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕು ಹೋದ.

"ಮೂರಕ್ಕ ಹಾಕತೇನಿ ಮಾವಾ, ಗಾಡಿ ಕಾಯ್ತೈತಿ" ಎಂದೆ.

"ಕೈ ಹಚ್ಚಬ್ಯಾಡ. ಅದು ಅಣ್ಣನ ಹಿಸ್ಸಾ."

ನಾನು ಎರಡೂ ಕೈಗಳನ್ನು ಸ್ಟೀರಿಂಗ್ ಮೇಲೆಯೇ ಇಟ್ಟುಕೊಂಡೆ. ಅವನು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ. ಮಟಮಟ ಮಧ್ಯಾಹ್ನ. ಹಿಡಿಕೆ ಒಮ್ಮೆ ನಡುಗಿತು. ಎರಡರಿಂದ ಕಳಚಿಕೊಂಡಿತು. ಸವೆದ ಗೇರು ಹೀಗೆ ಕಳಚಿಕೊಳ್ಳುವುದುಂಟು, ದಸ್ತಗೀರಸಾಬ ಹೇಳಿದ್ದ. ಆದರೆ ತಾನಾಗಿ ಒಳಗೆ ಬೀಳುವುದಿಲ್ಲ ಎಂದೂ ಅವನೇ ಹೇಳಿದ್ದ. ಕ್ಲಚ್ಚಿನ ಮೇಲೆ ನನ್ನ ಕಾಲು ಇತ್ತೋ ಇಲ್ಲವೋ ನನಗೆ ನೆನಪಿಲ್ಲ. ಹಿಡಿಕೆ ಸುಣ್ಣದ ಗೆರೆ ದಾಟಿ ಬಲಕ್ಕೆ ಬಂದು, ಮುಂದೆ ಸರಿದು, ಮೂರಕ್ಕೆ ಕೂತಿತು. ಗಾಡಿ ಹಗುರಾಗಿ ಓಟ ಹಿಡಿಯಿತು.

ಸಣ್ಣ ಮಾವನ ಕಡೆ ನೋಡಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ಬಲಗಡೆಯ ಕನ್ನಡಿ ಅವತ್ತಿನಿಂದ ಹಾಗೇ ತಿರುಗಿತ್ತಲ್ಲ, ಅದನ್ನೇ ನೋಡುತ್ತಿದ್ದ.

"ಎಷ್ಟೊತ್ತೋ ಅಣ್ಣಾ," ಎಂದ ಮೆಲ್ಲಗೆ, "ಕಾಯಾಕತ್ತಿದ್ನಿ."